ಉದ್ದ ಒಂದೇ ಆದರೆ ಸಾಲದು

ಓದಿನ ಜೊತೆಗೆ ವಾರಾಂತ್ಯದಲ್ಲಿ ಕ್ಯಾಡಿ ಕೆಲಸ ಮಾಡುತ್ತೇನೆ. ಆಟಗಾರರಾಗುವ ಕನಸಿರುವ ನನ್ನ ಜೊತೆಗಾರರಲ್ಲಿ ಕೆಲವರು, ಸಾಲ ಮಾಡಿಯಾದರೂ ಒಂದೇ ಉದ್ದದ ಐರನ್ ಸೆಟ್ ಕೊಳ್ಳಬೇಕು ಎನ್ನುತ್ತಾರೆ. ನನಗೆ ಅದು ಸರಿ ಎನಿಸುವುದಿಲ್ಲ.

ಮಾಮೂಲಿ ಸೆಟ್‌ನಲ್ಲಿ ಐರನ್‌ನಿಂದ ಐರನ್‌ಗೆ ಸುಮಾರು ಅರ್ಧ ಇಂಚು ವ್ಯತ್ಯಾಸ. ಉದ್ದ ಒಂದೇ ಆದರೆ ನಿಲ್ಲುವ ರೀತಿಯೂ ಒಂದೇ; ದೂರದ ಹೊಡೆತಕ್ಕೆ ಇದು ಅನುಕೂಲ, ನಿಜ. ಅಮೆರಿಕದ ಬ್ರೈಸನ್ ಡಿಶಾಂಬೊ ಇಂಥ ಐರನ್‌ಗಳಿಂದಲೇ 2020ರ ಯುಎಸ್ ಓಪನ್ ಗೆದ್ದರು.

ಆದರೆ ಗ್ರೀನ್ ಹತ್ತಿರ ಬಂದಾಗ ಲೆಕ್ಕವೇ ಬೇರೆ. ಈ ಸೆಟ್‌ನ ವೆಡ್ಜ್ ಮಾಮೂಲಿಗಿಂತ ಒಂದೆರಡು ಇಂಚು ಉದ್ದ. ಇಪ್ಪತ್ತು ಗಜದ ಚಿಪ್‌ಗೆ ಹಿಡಿತ ಕೆಳಗಿಳಿಸಬೇಕು, ಚೆಂಡಿಗೆ ಹತ್ತಿರ ನಿಲ್ಲಬೇಕು, ಬೀಸು ಚಿಕ್ಕದಾಗಬೇಕು. ಎಷ್ಟು ಬೀಸಿದರೆ ಎಷ್ಟು ದೂರ ಎಂಬುದನ್ನು ಕೈಯೇ ಕಲಿಯಬೇಕು.

2024ರಲ್ಲಿ ಪೈನ್‌ಹರ್ಸ್ಟ್‌ನ ಕೊನೆಯ ಹೋಲ್‌ನಲ್ಲಿ ಡಿಶಾಂಬೊ 55 ಗಜ ದೂರದ ಬಂಕರ್‌ನಿಂದ ಚೆಂಡನ್ನು ಹೋಲ್‌ನ ಸುಮಾರು ನಾಲ್ಕು ಅಡಿ ಸಮೀಪಕ್ಕೆ ತಂದರು; ಒಂದೇ ಹೊಡೆತದ ಅಂತರದಲ್ಲಿ ಮತ್ತೆ ಯುಎಸ್ ಓಪನ್ ಗೆದ್ದರು. ಅಲ್ಲಿ ಕೈಹಿಡಿದದ್ದು ಪಳಗಿದ ಕೈ, ಕ್ಲಬ್‌ನ ಉದ್ದವಲ್ಲ.

ಹಾಗಾಗಿ ಗೆಳೆಯರೇ, ಸಾಲದ ಮಾತು ಆಮೇಲೆ. ಮೊದಲು ಒಂದು ಹಳೆಯ ವೆಡ್ಜ್ ಕೇಳಿ ಪಡೆದು, ದಿನಾ ಐವತ್ತು ಚಿಪ್ ಹೊಡೆಯೋಣ.