ಮನೆಯ ಒಲೆಯೂ ಕಾಯಕದ ನೆಲೆ

ಕನ್ನಡದಲ್ಲಿ ‘ಅಡು’ ಎಂಬುದು ಬಹು ಪ್ರಾಚೀನವಾದ ಧಾತು. ಬೇಯಿಸು, ಪಾಕಮಾಡು ಎಂಬುದು ಅದರ ಅರ್ಥ. ಅದರಿಂದ ಹುಟ್ಟಿದ ‘ಅಡುಗೆ’ ಎಂಬ ಪದವು ಇಂದಿಗೂ ಪ್ರತಿಯೊಬ್ಬ ಕನ್ನಡಿಗನ ನಾಲಗೆಯ ಮೇಲಿದೆ. ಸಂಸ್ಕೃತದ ‘ಮಹಾನಸ’ವು ತದ್ಭವಗೊಂಡು ‘ಬಾಣಸ’ವಾಯಿತು, ಅಲ್ಲಿ ಅಡುವವನು ‘ಬಾಣಸಿಗ’ನಾದನು. ವಿಚಿತ್ರವೇನೆಂದರೆ, ದೊಡ್ಡ ಹೋಟೆಲುಗಳ ಬಾಣಸಿಗನಿಗೆ ಇಂದು ಪತ್ರಿಕೆಗಳಲ್ಲಿ ಸ್ಥಾನವುಂಟು, ಸಂಬಳವುಂಟು, ಸನ್ಮಾನವುಂಟು. ಪ್ರತಿದಿನವೂ ಮೂರು ಹೊತ್ತು ಮನೆಮಂದಿಗೆ ಬೇಯಿಸಿ ಬಡಿಸುವ ಗೃಹಿಣಿಯ ಕೆಲಸಕ್ಕೆ ಮಾತ್ರ ಒಂದು ಹೆಸರೂ ಇಲ್ಲ. ‘ನಿಮ್ಮ ತಾಯಿ ಏನು ಮಾಡುತ್ತಾರೆ?’ ಎಂದು ಕೇಳಿದರೆ ‘ಏನೂ ಇಲ್ಲ, ಮನೆಯಲ್ಲಿದ್ದಾರೆ’ ಎಂದು ಉತ್ತರಿಸುವ ಮಕ್ಕಳೇ ಹೆಚ್ಚು. ಈ ಉತ್ತರದಲ್ಲಿ ಅಡಗಿರುವ ಅನಾದರವೇ ಇಂದಿನ ಅನೇಕ ಮನೆಗಳ ಒಲೆಗಳು ತಣ್ಣಗಾಗುತ್ತಿರುವುದಕ್ಕೆ ಮೂಲಕಾರಣವೆಂದರೆ ಅತಿಶಯೋಕ್ತಿಯಾಗಲಾರದು.

ಯಲಹಂಕವು ನಾಡಪ್ರಭುಗಳ ನೆಲೆವೀಡು. ಈ ಮನೆತನದ ಕೆಂಪೇಗೌಡರು 1537ರಲ್ಲಿ ಬೆಂಗಳೂರನ್ನು ಕಟ್ಟಿದರೆಂಬುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಈ ಸೀಮೆಯ ಮಣ್ಣು ತನ್ನ ಮಕ್ಕಳಿಗೆ ಏನನ್ನು ಉಣಿಸುತ್ತಿತ್ತೆಂಬುದು ಅಷ್ಟಾಗಿ ತಿಳಿದಿಲ್ಲ. ಇಲ್ಲಿಯದು ಕೆಂಪುಮಣ್ಣು, ಮಳೆಯನ್ನೇ ನಂಬಿದ ಬೇಸಾಯ. ರೈತನು ರಾಗಿಯನ್ನು ಬಿತ್ತುವಾಗ ನಡುನಡುವೆ ಅಕ್ಕಡಿ ಸಾಲುಗಳನ್ನು ಬಿಡುತ್ತಿದ್ದನು. ಆ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ ಬೆಳೆಯುತ್ತಿದ್ದವು. ಕಳೆ ತೆಗೆಯಲು ಹೋದ ಹೆಂಗಸರು ಮಡಿಲು ತುಂಬ ಬೆರಕೆ ಸೊಪ್ಪನ್ನು ಆರಿಸಿ ತರುತ್ತಿದ್ದರು. ರಾಗಿಯಿಂದ ಮುದ್ದೆ, ತೊಗರಿ ಅವರೆಗಳಿಂದ ಸಾರು, ಬೆರಕೆ ಸೊಪ್ಪಿನಿಂದ ಪಲ್ಯ, ಹುಚ್ಚೆಳ್ಳಿನಿಂದ ಚಟ್ನಿಪುಡಿ, ಹಟ್ಟಿಯ ಹಸುವಿನಿಂದ ಮಜ್ಜಿಗೆ, ಹೀಗೆ ಒಂದೇ ಹೊಲವು ಒಂದು ಪೂರ್ಣಭೋಜನವಾಗಿತ್ತು. ಉಣ್ಣುವ ತಟ್ಟೆಯು ಹೊಲದ ಪ್ರತಿಬಿಂಬವಾಗಿತ್ತು. ಆದ್ದರಿಂದಲೇ ಆಹಾರಶಾಸ್ತ್ರವನ್ನು ಯಾರೂ ಯಾರಿಗೂ ಬೋಧಿಸಬೇಕಾಗಿರಲಿಲ್ಲ, ಹೊಲವೇ ಗುರುವಾಗಿತ್ತು.

ಕಾಲವು ಬದಲಾಯಿತು. ಉಪನಗರ ಬೆಳೆಯಿತು, 1984ರಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚಿನ ಕಾರ್ಖಾನೆ ಕೆಲಸವನ್ನಾರಂಭಿಸಿತು, 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ತೆರೆಯಿತು. ರಾಗಿಯ ಹೊಲಗಳಿದ್ದೆಡೆ ಬಹುಮಹಡಿ ಮನೆಗಳೆದ್ದವು. ಇದರಿಂದ ಅನೇಕರಿಗೆ ಉದ್ಯೋಗ ದೊರೆಯಿತು, ಅನೇಕ ಮನೆಗಳಿಗೆ ನೆಮ್ಮದಿ ಬಂದಿತು. ಅದನ್ನು ಹಳಿಯುವುದು ಉಚಿತವಲ್ಲ. ಆದರೆ ಹೊಲ ಹೋದಾಗ ಹೊಲ ಕಲಿಸುತ್ತಿದ್ದ ಪಾಠವೂ ಹೋಯಿತು. ಆ ಪಾಠವನ್ನು ಮುಂದುವರಿಸಬೇಕಾದ ಮನೆಯಾಗಲಿ ಶಾಲೆಯಾಗಲಿ ಆ ಹೊಣೆಯನ್ನು ಹೊರಲಿಲ್ಲ. ತೆರವಾದ ಆ ಸ್ಥಾನವನ್ನು ಅಂಗಡಿಯ ಪೊಟ್ಟಣಗಳು ಆಕ್ರಮಿಸಿದವು. ಮೊಬೈಲಿನ ಮೇಲೆ ಬೆರಳಿಟ್ಟರೆ ಅರ್ಧ ಗಂಟೆಯೊಳಗೆ ಊಟ ಬಾಗಿಲಿಗೆ ಬರುವ ಕಾಲವಿದು. ಮಕ್ಕಳ ಬುತ್ತಿಯ ಡಬ್ಬಿಗಳಲ್ಲಿ ಎರಡು ನಿಮಿಷದ ಸೇವಿಗೆ, ಬಿಸ್ಕತ್ತು, ಹುರಿದ ಚಿಪ್ಸು ಇವುಗಳೇ ಅನ್ನದ ಸ್ಥಾನವನ್ನು ಪಡೆಯುತ್ತಿವೆ.

ಇದು ಬರಿಯ ರುಚಿಯ ಪ್ರಶ್ನೆಯಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 65.5ರಷ್ಟು ಮಂದಿಗೆ ರಕ್ತಹೀನತೆಯಿದೆ. 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡ 47.8ರಷ್ಟು ಮಂದಿಗಿದೆ. ಬಡತನವೂ ರೋಗಗಳೂ ಇದಕ್ಕೆ ಕಾರಣಗಳೆಂಬುದು ನಿಜ. ಆದರೆ ಉಣ್ಣುವುದಕ್ಕೆ ಇದ್ದೂ ಹೇಗೆ ಉಣ್ಣಬೇಕೆಂಬುದನ್ನು ಮರೆತದ್ದೂ ಒಂದು ಕಾರಣವೆಂಬುದನ್ನು ಅಲ್ಲಗಳೆಯಲಾಗದು. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿದರೆ ಅದರಲ್ಲಿನ ಕಬ್ಬಿಣದ ಅಂಶವು ಶರೀರಕ್ಕೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಯಲ್ಲೇ ಕಾಫಿ ಚಹ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ. ಈ ಚಿಕ್ಕ ಸಂಗತಿ ಎಷ್ಟು ಮನೆಗಳಿಗೆ ತಿಳಿದಿದೆ?

ಸರಳ ಭೋಜನವೆಂದರೆ ಕಳಪೆ ಭೋಜನವೆಂಬ ತಪ್ಪು ಕಲ್ಪನೆಯೊಂದು ಬೇರೂರಿದೆ. ಈ ಸೀಮೆಯ ಬಸ್ಸಾರನ್ನೇ ಪರಿಶೀಲಿಸಬಹುದು. ನಾಲ್ವರ ಸಂಸಾರಕ್ಕೆ ಅರ್ಧ ಪಾವು ತೊಗರಿಬೇಳೆ, ಎರಡು ಕಟ್ಟು ದಂಟಿನ ಸೊಪ್ಪು ಸಾಕು. ಬೇಳೆ ಅರೆಬೆಂದಾಗ ಸೊಪ್ಪನ್ನು ಹಾಕಿ ಬೇಯಿಸಿ, ನೀರನ್ನು ಬಸಿಯಬೇಕು. ಬಸಿದ ಕಟ್ಟಿಗೆ ತೆಂಗಿನಕಾಯಿ, ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣುಗಳನ್ನು ಅರೆದು ಬೆರೆಸಿ ಕುದಿಸಿದರೆ ಸಾರು. ಉಳಿದ ಸೊಪ್ಪು ಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಪಾತ್ರೆ, ಒಂದು ಬೆಂಕಿ, ಎರಡು ವ್ಯಂಜನ! ಸೊಪ್ಪಿನಲ್ಲಿರುವ ಕೆಲವು ಜೀವಸತ್ತ್ವಗಳು ನೀರಿನಲ್ಲಿ ಕರಗುವಂಥವು. ಬೇಯಿಸಿದ ನೀರನ್ನು ಚೆಲ್ಲಿದರೆ ಅವೂ ಚೆಲ್ಲಿಹೋಗುತ್ತವೆ. ಬಸ್ಸಾರಿನಲ್ಲಿ ಆ ನೀರೇ ಸಾರಾಗುವುದರಿಂದ ಹಾಗೆ ಚೆಲ್ಲಿಹೋಗುವ ನಷ್ಟ ತಪ್ಪುತ್ತದೆ. ಜೀವಸತ್ತ್ವವೆಂಬ ಹೆಸರನ್ನೇ ಕೇಳದ ಅಜ್ಜಿಯರು ಈ ವಿವೇಕವನ್ನು ಅನುಭವದಿಂದ ಕಂಡುಕೊಂಡಿದ್ದರು.

ಇನ್ನು ಮುದ್ದೆ. ಒಂದಳತೆ ಹಿಟ್ಟಿಗೆ ಸುಮಾರು ಎರಡಳತೆ ನೀರು. ಎಸರು ಕುದಿಯುವಾಗ ಹಿಟ್ಟನ್ನು ಸುರಿದು, ಕಲಕದೆ ಬೇಯಲು ಬಿಟ್ಟು, ಅನಂತರ ಕೋಲಿನಿಂದ ಗಂಟಿಲ್ಲದಂತೆ ತಿರುವಿ ಕಟ್ಟುವುದಕ್ಕೆ ಕಾಲು ಗಂಟೆಗಿಂತ ಹೆಚ್ಚು ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ರಾಗಿಗೂ ಭತ್ತಕ್ಕೂ ವಿವಾದ ನಡೆದು ಕೊನೆಗೆ ರಾಗಿಗೇ ಶ್ರೀರಾಮನ ಮನ್ನಣೆ ದೊರೆಯುವ ಪ್ರಸಂಗವು ಕೇವಲ ಕವಿಕಲ್ಪನೆಯಲ್ಲವೆಂದು ಈ ಅಂಕಿಗಳನ್ನು ನೋಡಿದಾಗ ತೋರುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕದ ರಾಗಿಯನ್ನು ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ನೀಡಿದ ಲಕ್ಷ್ಮಣಯ್ಯನವರನ್ನು ನಾಡು ‘ರಾಗಿ ಲಕ್ಷ್ಮಣಯ್ಯ’ನೆಂದೇ ಕರೆಯಿತು. ಯಲಹಂಕಕ್ಕೆ ಹೋಗುವ ಹಾದಿಯಲ್ಲೇ ಇರುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ವಿದ್ಯೆ ಇಂದಿಗೂ ಬೆಳೆಯುತ್ತಿದೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಪಟ್ಟಣವಾಸಿಗಳು ರಾಗಿಯ ಬಿಸ್ಕತ್ತನ್ನು ಹೆಚ್ಚಿನ ಬೆಲೆಗೆ ಕೊಂಡರು. ಮನೆಯಲ್ಲಿ ಮುದ್ದೆ ಕಟ್ಟುವುದನ್ನು ಮಾತ್ರ ಕಲಿಯಲಿಲ್ಲ. ಹಿತ್ತಲ ಗಿಡ ಮದ್ದಲ್ಲ!

‘ಅಡುಗೆಗೆ ಸಮಯವೆಲ್ಲಿದೆ?’ ಎಂಬ ಆಕ್ಷೇಪವು ಇಲ್ಲಿ ಸಹಜವಾಗಿ ಏಳುತ್ತದೆ. ಇದನ್ನು ಲಘುವಾಗಿ ತಳ್ಳಿಹಾಕುವುದು ಅನ್ಯಾಯ. ಬೆಳಗಿನ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಹಿಂದಿರುಗುವ ತಾಯಿ, ಗಾರ್ಮೆಂಟ್ಸಿನಲ್ಲಿ ದಿನವಿಡೀ ಹೊಲಿಗೆಯಂತ್ರದ ಮುಂದೆ ಬೆನ್ನು ಬಗ್ಗಿಸುವ ತಾಯಿ, ದಣಿದು ಬಂದು ಪೊಟ್ಟಣವನ್ನು ಬಿಚ್ಚಿದರೆ ಆಕೆಯನ್ನು ದೂಷಿಸುವ ಅಧಿಕಾರ ಯಾರಿಗಿದೆ? ದೋಷವಿರುವುದು ಆಕೆಯಲ್ಲಲ್ಲ, ಅಡುಗೆಯ ಭಾರವನ್ನೆಲ್ಲ ಆಕೆಯೊಬ್ಬಳ ಹೆಗಲಿಗೇರಿಸಿ, ಬಡಿಸಿದ ತಟ್ಟೆಯ ಮುಂದೆ ಕುಳಿತು ಉಪ್ಪು ಹೆಚ್ಚಾಯಿತೆಂದು ಮುಖ ಸಿಂಡರಿಸುವವರಲ್ಲಿ. 2019ರಲ್ಲಿ ಭಾರತ ಸರ್ಕಾರವು ನಡೆಸಿದ ಸಮಯ ಬಳಕೆಯ ಸಮೀಕ್ಷೆಯು ಈ ಮಾತಿಗೆ ಸಾಕ್ಷಿ ನುಡಿಯುತ್ತದೆ. ವೇತನವಿಲ್ಲದ ಮನೆಗೆಲಸದಲ್ಲಿ ದಿನವೊಂದರಲ್ಲಿ ತೊಡಗುವ ಸ್ತ್ರೀಯರು ಶೇಕಡ 81.2, ಪುರುಷರು ಶೇಕಡ 26.1. ಹಾಗೆ ತೊಡಗಿದ ಸ್ತ್ರೀಯರು ಅದಕ್ಕಾಗಿ ವ್ಯಯಿಸುವ ಕಾಲ 299 ನಿಮಿಷ; ಪುರುಷರು ವ್ಯಯಿಸುವುದು 97 ನಿಮಿಷ. ಮನೆಯಲ್ಲಿ ಸಮಯವಿಲ್ಲವೆಂಬುದು ಪೂರ್ಣಸತ್ಯವಲ್ಲ. ಇರುವ ಸಮಯ ಸಮನಾಗಿ ಹಂಚಿಕೆಯಾಗಿಲ್ಲವೆಂಬುದು ಸತ್ಯ.

ಪುರುಷನು ಒಲೆಯ ಮುಂದೆ ನಿಲ್ಲುವುದು ಅಗೌರವವೆಂಬ ಭಾವನೆಗೆ ಪರಂಪರೆಯ ಬೆಂಬಲವಿದೆಯೇ? ಇಲ್ಲ. ಪಾಕಶಾಸ್ತ್ರದಲ್ಲಿ ಪುರಾಣಪ್ರಸಿದ್ಧರಾದ ಇಬ್ಬರು ನಳ ಮತ್ತು ಭೀಮ. ಇಬ್ಬರೂ ಕ್ಷತ್ರಿಯರು, ವೀರರು. ಕನ್ನಡದಲ್ಲಿ 1025ರ ಸುಮಾರಿಗೆ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಮಳೆ, ಬೆಳೆ, ವೈದ್ಯಗಳ ಜೊತೆಗೆ ಅಡುಗೆಯ ವಿಷಯವೂ ಇದೆ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದನು. ಕೆಳದಿಯ ಬಸವರಾಜನು ತನ್ನ ‘ಶಿವತತ್ತ್ವರತ್ನಾಕರ’ದಲ್ಲಿ ಪಾಕವಿದ್ಯೆಗೆ ಎಡೆ ಕೊಟ್ಟಿದ್ದಾನೆ. ರಾಜ್ಯವಾಳಿದವರಿಗೂ ಕಾವ್ಯ ಬರೆದವರಿಗೂ ಅಡುಗೆ ಕೀಳೆಂದು ತೋರಲಿಲ್ಲ. ಮಠಗಳ ದಾಸೋಹದ ಕೊಪ್ಪರಿಗೆಗಳ ಮುಂದೆ ಇಂದಿಗೂ ನಿಂತು ಬೇಯಿಸುವವರು ಬಹುಮಟ್ಟಿಗೆ ಗಂಡಸರೇ. ಮಠದಲ್ಲಿ ಸೇವೆಯೆನಿಸಿಕೊಂಡದ್ದು ಮನೆಯಲ್ಲಿ ಮಾನಹಾನಿಯಾಗುವುದು ಹೇಗೆ?

ಹನ್ನೆರಡನೆಯ ಶತಮಾನದ ಶರಣರು ಈ ಭೇದವನ್ನು ಒಪ್ಪಲಿಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲವೆಂಬುದು ಅವರ ನಿಲುವು. ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಪರಶಿವನು ಮೆಚ್ಚಿ ಉಂಡನೆಂಬ ಐತಿಹ್ಯವು ಭೋಜನದ ಬೆಲೆಯನ್ನು ಅಳೆಯುವ ಅಳತೆಗೋಲನ್ನೇ ಬದಲಿಸಿತು. ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು, ಲಕ್ಕಮ್ಮನು ಅದನ್ನು ಅಟ್ಟು ದಾಸೋಹ ನಡೆಸುವುದು. ಇದು ಆ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಬೇಡದ ಈ ಹೆಚ್ಚಳವೇಕೆಂದು ಲಕ್ಕಮ್ಮನು ತಡೆದು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳು. ಆಕೆ ಅಡುವವಳು ಮಾತ್ರವಲ್ಲ, ಎಷ್ಟು ಅಡಬೇಕೆಂಬುದನ್ನು ನಿರ್ಣಯಿಸಬಲ್ಲ ಜ್ಞಾನಿ. ಮದುವೆಮನೆಗಳಲ್ಲಿ ಇಪ್ಪತ್ತು ಮೂವತ್ತು ಭಕ್ಷ್ಯಗಳನ್ನು ಬಡಿಸಿ ಅರ್ಧವನ್ನು ಎಲೆಯಲ್ಲೇ ಎಸೆಯುವ ಇಂದಿನ ಸಮಾಜವು ಶರಣರ ಜಯಂತಿಗಳನ್ನು ಆಚರಿಸುತ್ತದೆ. ಲಕ್ಕಮ್ಮನ ಆ ಒಂದು ಪ್ರಶ್ನೆಯನ್ನು ಮಾತ್ರ ಎದುರಿಸುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯಗಳನ್ನು ಬೇರೆಬೇರೆಯೆಂದು ಬಗೆಯಲಿಲ್ಲ. ಆದ್ದರಿಂದಲೇ ಅವರನ್ನು ನಾಡು ತ್ರಿವಿಧ ದಾಸೋಹಿಗಳೆಂದು ಕರೆಯಿತು. 2002ರಲ್ಲಿ ಆರಂಭವಾದ ಸರ್ಕಾರದ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ವೆಂದೇ ಹೆಸರಿಟ್ಟದ್ದು ಅರ್ಥಪೂರ್ಣ. ಆದರೆ ಅನ್ನವನ್ನು ನೀಡುವುದರ ಮುಂದಿನ ಹೆಜ್ಜೆಯೆಂದರೆ ಅನ್ನ ಮಾಡುವುದನ್ನು ಕಲಿಸುವುದು. ಮಠಗಳ ಆಶ್ರಯದ ಶಾಲೆಗಳು ಈ ಕೆಲಸಕ್ಕೆ ಎಲ್ಲರಿಗಿಂತ ಹೆಚ್ಚು ಅರ್ಹವಾದವು. ಏಳನೆಯ ತರಗತಿಯಿಂದ ಮೇಲೆ ವಾರಕ್ಕೊಂದು ಅವಧಿಯನ್ನು ಅಡುಗೆಗೆ ಮೀಸಲಿಡಬಹುದು. ಬಾಲಕರು ಬಾಲಕಿಯರೆಂಬ ಭೇದವಿಲ್ಲದೆ ಎಲ್ಲರೂ ಸೊಪ್ಪು ಸೋಸುವುದು, ಬೇಳೆ ಬೇಯಿಸುವುದು, ಕಾಳು ಮೊಳಕೆ ಕಟ್ಟುವುದು, ಮುದ್ದೆ ತಿರುವುವುದು, ಉಂಡ ಪಾತ್ರೆಯನ್ನು ತೊಳೆಯುವುದು ಇವನ್ನು ಕಲಿಯಲಿ. ಶಾಲೆಯ ಹಿತ್ತಲಲ್ಲಿ ದಂಟು, ಮೆಂತ್ಯ, ನುಗ್ಗೆ ಬೆಳೆಯಲಿ. ಅಳೆಯುವುದರಲ್ಲಿ ಗಣಿತವಿದೆ, ಬೇಯುವುದರಲ್ಲಿ ವಿಜ್ಞಾನವಿದೆ, ಹೆಸರುಗಳಲ್ಲಿ ಭಾಷೆಯಿದೆ. ಕೀರೆ, ಹೊನಗೊನೆ, ಚಕ್ಕೋತ, ಸಬ್ಬಸಿಗೆ ಎಂಬ ಸೊಪ್ಪುಗಳನ್ನು ಗುರುತಿಸಲಾರದ ಮಗುವಿಗೆ ಆ ಶಬ್ದಗಳೂ ಸತ್ತ ಶಬ್ದಗಳೇ. ಇದಕ್ಕೆ ಪರೀಕ್ಷೆ, ಅಂಕ, ಬಹುಮಾನಗಳು ಬೇಡ. ಯಾವ ಮಗುವಿನ ಬುತ್ತಿಯನ್ನೂ ತೆರೆದು ನೋಡಿ ಹೀಯಾಳಿಸುವುದಂತೂ ಸರ್ವಥಾ ಬೇಡ. ಬಡವರ ಮನೆಯ ಮಗು ಅದರಿಂದ ನೊಂದೀತು.

ಮನೆಯಲ್ಲಿ ಪಾಲಕರ ಕರ್ತವ್ಯವೂ ಕಠಿಣವೇನಲ್ಲ. ತಂದೆ ತರಕಾರಿ ಹೆಚ್ಚಿದರೆ, ಮಗ ಬೇಳೆ ತೊಳೆದಿಟ್ಟರೆ, ಮಗಳು ಕಾಯಿ ತುರಿದರೆ, ತಾಯಿ ಒಗ್ಗರಣೆ ಹಾಕುವ ವೇಳೆಗೆ ಮುಕ್ಕಾಲು ಗಂಟೆಯಲ್ಲಿ ಊಟ ಸಿದ್ಧವಾಗುತ್ತದೆ. ಕುಕ್ಕರು, ಮಿಕ್ಸಿಗಳನ್ನು ಬಳಸುವುದರಲ್ಲಿ ದೋಷವಿಲ್ಲ. ಸಾಧನ ಹೊಸದಾದರೂ ಸಾರು ಹಳೆಯದಾಗಿರಬಹುದು. ದಿನಕ್ಕೊಂದು ಹೊತ್ತಾದರೂ ದೂರದರ್ಶನವನ್ನೂ ಮೊಬೈಲನ್ನೂ ಬದಿಗಿಟ್ಟು ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಲಿ. ಎಲ್ಲರ ಕೈ ಸೇರಿದ ಊಟದಲ್ಲಿ ಉಪ್ಪು ಹೆಚ್ಚಾಯಿತೆಂದು ಮುಖ ಸಿಂಡರಿಸುವವರು ಯಾರೂ ಇರಲಾರರು.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ಹಿರಿಯರು ಹೇಳಿದರು. ಊಟವನ್ನು ಬಲ್ಲವನೆಂದರೆ ಉಣ್ಣುವುದನ್ನು ಮಾತ್ರ ಬಲ್ಲವನಲ್ಲ, ಅಡುವುದನ್ನೂ ಬಲ್ಲವನು. ಅಟ್ಟವರ ಶ್ರಮವನ್ನೂ ಬಲ್ಲವನು. ಅಂದು ಯಲಹಂಕದ ಹೊಲವು ಕಲಿಸಿದ ಪಾಠವನ್ನು ಇಂದು ಇಲ್ಲಿಯ ಮನೆಗಳೂ ಶಾಲೆಗಳೂ ಕಲಿಸುವಂತಾಗಲಿ. ಮುಂದೊಂದು ದಿನ ‘ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರು ಯಾರು?’ ಎಂದು ಕೇಳಿದರೆ ‘ನಾವೆಲ್ಲರೂ’ ಎಂದು ಮಕ್ಕಳು ಉತ್ತರಿಸುವಂತಾದರೆ, ಆ ಮನೆಯ ಒಲೆಯೂ ದಾಸೋಹದ ಒಲೆಯಾದಂತೆಯೇ ಸರಿ.