ಬೆಸುಗೆಯ ವಿದ್ಯೆ

ಮಾತು ನಿಂತ ರೇಡಿಯೋ, ಬೆಳಕು ಬೀರದ ಟಾರ್ಚು, ಒಂದೇ ಕಿವಿಗೆ ಹಾಡುವ ಹೆಡ್‌ಫೋನ್ – ಇಂಥವನ್ನು ಬಿಚ್ಚಿ ನೋಡಿದರೆ ಎಷ್ಟೋ ಸಲ ಒಳಗಿನ ಭಾಗಗಳೆಲ್ಲವೂ ಕ್ಷೇಮವಾಗಿಯೇ ಇರುತ್ತವೆ. ಕೆಟ್ಟಿರುವುದು ಒಂದು ತಂತಿಯ ತುದಿ, ಇಲ್ಲವೆ ಸಾಸಿವೆ ಕಾಳಿನಷ್ಟು ಗಾತ್ರದ ಒಂದು ಬೆಸುಗೆ. ಅದನ್ನು ಮರಳಿ ಕೂಡಿಸಲು ಕೆಲವು ನಿಮಿಷಗಳ ಕೆಲಸ, ಅಂಗುಲದಷ್ಟು ಬೆಸುಗೆ ತಂತಿ ಸಾಕು. ಆದರೂ ನಾವು ಆ ವಸ್ತುವನ್ನು ಮೂಲೆಗೆಸೆದು ಹೊಸತನ್ನು ತರುತ್ತೇವೆ. ನಮ್ಮ ಬಡತನ ನೀಗಿತೆಂದು ಹೀಗೆ ಮಾಡುತ್ತಿಲ್ಲ. ಕೈಗೆ ವಿದ್ಯೆ ಇಲ್ಲವಾದುದರಿಂದ ಮಾಡುತ್ತಿದ್ದೇವೆ. ಸೋಲ್ಡರಿಂಗ್ ಐರನ್ ಎಂದು ಅಂಗಡಿಗಳಲ್ಲಿ ಕರೆಯುವ ಬೆಸುಗೆ ಕಡ್ಡಿಯನ್ನು ಪ್ರೌಢಶಾಲೆಯ ಪ್ರತಿಯೊಬ್ಬ ಹುಡುಗನೂ ಹುಡುಗಿಯೂ ಬಳಸಬಲ್ಲವರಾಗಬೇಕು. ಅದಕ್ಕಿಂತ ಮಿಗಿಲಾಗಿ ಅದನ್ನು ಕಾಪಾಡಿಕೊಳ್ಳಬಲ್ಲವರಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ಅಕ್ಕಸಾಲಿಗನು ಊದುಗೊಳವೆಯನ್ನು ಹಿಡಿದು, ಬಿಳಿಗಾರವನ್ನು ಹಚ್ಚಿ, ಚಿನ್ನದ ಎಳೆಗಳನ್ನು ಬೆಸೆಯುತ್ತ ಬಂದಿದ್ದಾನೆ. ಕಲಾಯಿಗಾರನು ಹಿತ್ತಾಳೆಯ ಪಾತ್ರೆಯನ್ನು ಕಾಯಿಸಿ, ನವಸಾಗರವನ್ನು ತೂರಿ, ತವರವನ್ನು ಅರಳೆಯಿಂದ ಸವರಿ ಬೆಳ್ಳಿಯಂತೆ ಬೆಳಗಿಸುತ್ತಿದ್ದನು. ಲೋಹವು ಲೋಹವನ್ನು ಕೂಡಬೇಕಾದರೆ ನಡುವೆ ಕೊಳೆ ಇರಬಾರದೆಂಬ ಗುಟ್ಟನ್ನು ಇಬ್ಬರೂ ಬಲ್ಲವರು. ಬಿಳಿಗಾರವೂ ನವಸಾಗರವೂ ಮಾಡುತ್ತಿದ್ದ ಶುದ್ಧಿಯ ಕೆಲಸವನ್ನು ಇಂದಿನ ವಿದ್ಯುನ್ಮಾನ ಬೆಸುಗೆಯಲ್ಲಿ ಪೈನ್ ಮರದ ರಾಳವು ಮಾಡುತ್ತದೆ. ಬೆಸುಗೆ ತಂತಿಯ ಒಳಗೊಂದು ಸಣ್ಣ ಕಾಲುವೆಯಂತೆ ಈ ರಾಳವನ್ನು ತುಂಬಿರುತ್ತಾರೆ.

ಬೆಸುಗೆ ಎಂಬುದು ಅಂಟು ಹಚ್ಚುವ ಕೆಲಸವೆಂದು ಅನೇಕರು ಭಾವಿಸಿದ್ದಾರೆ. ಅದು ಹಾಗಲ್ಲ. ನೂರರಲ್ಲಿ 63 ಪಾಲು ತವರ, 37 ಪಾಲು ಸೀಸ ಸೇರಿದ ಮಿಶ್ರಲೋಹವು 183 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ತಾಮ್ರ ಕರಗಲು 1085 ಡಿಗ್ರಿ ಬೇಕು. ಆದುದರಿಂದ ತಾಮ್ರಕ್ಕೆ ಧಕ್ಕೆಯಾಗದಂತೆ ಬೆಸುಗೆ ಮಾತ್ರ ಕರಗಿ ಹರಿಯುತ್ತದೆ. ಹರಿದ ತವರವು ತಾಮ್ರದೊಡನೆ ಕೂಡಿ ನಡುವೆ ಅತಿ ತೆಳುವಾದ ಹೊಸದೊಂದು ಪದರವನ್ನು ರಚಿಸುತ್ತದೆ. ನಿಜವಾದ ಬೆಸುಗೆ ಎಂದರೆ ಆ ಪದರವೇ. ಅದು ಉಂಟಾಗದೆ ಮೇಲೆ ಮೇಲೆ ಕುಳಿತ ಲೋಹದ ಗುಂಡು ಹುಸಿ ಬೆಸುಗೆ. ಅದು ಇಂದು ನಡೆದೀತು, ನಾಳೆ ಕೈಕೊಟ್ಟೀತು.

ಹುಸಿ ಬೆಸುಗೆಯಾಗುವುದು ಅವಸರದಿಂದ. ಕಲಿಯುವವನು ಬೆಸುಗೆ ತಂತಿಯನ್ನು ಕಡ್ಡಿಯ ಮೊನೆಯ ಮೇಲೆ ಕರಗಿಸಿ, ತೊಟ್ಟಿಕ್ಕಿಸಿಕೊಂಡು ಹೋಗಿ ತಣ್ಣನೆಯ ತಾಮ್ರದ ಮೇಲೆ ಇಳಿಸುತ್ತಾನೆ. ಕ್ರಮವು ಇದಕ್ಕೆ ವಿರುದ್ಧವಾದುದು. ಮೊನೆಯು ಭಾಗದ ಕಾಲನ್ನೂ ಹಲಗೆಯ ತಾಮ್ರವನ್ನೂ ಏಕಕಾಲಕ್ಕೆ ಮುಟ್ಟಿ ಕಾಯಿಸಬೇಕು. ತಂತಿಯನ್ನು ಮೊನೆಗಲ್ಲ, ಕಾದ ಕೂಡಿಕೆಗೆ ತಾಗಿಸಬೇಕು. ಎರಡು ಮೂರು ಎಣಿಸುವಷ್ಟರಲ್ಲಿ ಬೆಸುಗೆ ತಾನಾಗಿ ಹರಿದು ಕಾಲಿನ ಸುತ್ತ ಏರುತ್ತದೆ. ಮೊದಲು ತಂತಿಯನ್ನು, ಅನಂತರ ಕಡ್ಡಿಯನ್ನು ತೆಗೆದು, ಲೋಹ ಗಟ್ಟಿಯಾಗುವವರೆಗೆ ಅಲುಗಾಡಿಸದೆ ಕಾಯಬೇಕು. ಸೀಸವುಳ್ಳ ಒಳ್ಳೆಯ ಬೆಸುಗೆ ಹೊಳೆಯುತ್ತದೆ, ಒಳಬಾಗಿದ ಇಳಿಜಾರಿನಂತಿರುತ್ತದೆ; ಕೆಟ್ಟದ್ದು ಮಂಕಾಗಿ, ಉಂಡೆಯಾಗಿ ಕಾಣುತ್ತದೆ.

ಇನ್ನು ಕಡ್ಡಿಯ ಪಾಲನೆ. ನಮ್ಮ ಜನ ಕೊಳ್ಳುವುದನ್ನು ಬಲ್ಲರು, ಬಳಸುವುದನ್ನೂ ಬಲ್ಲರು. ಪಾಲಿಸುವುದನ್ನು ಮಾತ್ರ ಅರಿಯರು. ಕಡ್ಡಿಯ ಮೊನೆಯ ತಿರುಳು ತಾಮ್ರ. ಶಾಖವನ್ನು ಬೇಗ ಸಾಗಿಸಲೆಂದು ಈ ಏರ್ಪಾಡು. ಆದರೆ ನೀರು ಸಕ್ಕರೆಯನ್ನು ಕರಗಿಸಿಕೊಳ್ಳುವಂತೆ, ಕರಗಿದ ತವರವು ತಾಮ್ರವನ್ನು ಮೆಲ್ಲಮೆಲ್ಲನೆ ತನ್ನೊಳಗೆ ಸೆಳೆದುಕೊಳ್ಳುತ್ತದೆ. ಅದನ್ನು ತಡೆಯಲು ತಾಮ್ರದ ಮೇಲೆ ಕಬ್ಬಿಣದ ತೆಳುವಾದ ಕವಚವನ್ನು ತೊಡಿಸಿರುತ್ತಾರೆ. ಬರಿ ತಾಮ್ರದ ಮೊನೆ ಸವೆದಾಗ ಅರದಿಂದ ಉಜ್ಜಿ ಹದಮಾಡಬಹುದು; ಕವಚವುಳ್ಳ ಮೊನೆಗೆ ಅರವನ್ನಾಗಲಿ ಉಪ್ಪುಕಾಗದವನ್ನಾಗಲಿ ತಾಗಿಸಕೂಡದು. ಕವಚ ಹರಿದರೆ ಕೆಲವೇ ದಿನಗಳಲ್ಲಿ ಮೊನೆಯಲ್ಲಿ ಗುಳಿ ಬೀಳುತ್ತದೆ.

ಮೊನೆಯ ದೊಡ್ಡ ಶತ್ರು ಗಾಳಿ. ಸುಮಾರು 350 ಡಿಗ್ರಿ ಕಾದ ಕಬ್ಬಿಣವು ಗಾಳಿಯಲ್ಲಿ ಬರಿದೆ ನಿಂತರೆ ಕಪ್ಪು ಕಿಟ್ಟವನ್ನು ಕಟ್ಟುತ್ತದೆ. ಕಿಟ್ಟ ಕಟ್ಟಿದ ಮೊನೆಗೆ ಬೆಸುಗೆ ಹತ್ತದು, ಶಾಖವೂ ದಾಟದು. ಆಗ ಕೆಲಸಗಾರನು ಕಡ್ಡಿಯನ್ನು ಬಯ್ಯುತ್ತಾನೆ, ಶಾಖವನ್ನು ಇನ್ನಷ್ಟು ಏರಿಸುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಶಾಖ ಏರಿದಷ್ಟೂ ಕಿಟ್ಟ ಹೆಚ್ಚುತ್ತದೆ. ಇದಕ್ಕೆ ಮದ್ದು ಬಲು ಸುಲಭ. ನೀರು ಹಿಂಡಿ ತೆಗೆದ ಒದ್ದೆ ಸ್ಪಂಜಿನ ಮೇಲೋ ಹಿತ್ತಾಳೆಯ ನಾರಿನ ಉಂಡೆಯಲ್ಲೋ ಮೊನೆಯನ್ನು ಒರೆಸಿ, ಕೂಡಲೆ ಹೊಸ ಬೆಸುಗೆಯನ್ನು ತುಸು ಸವರಬೇಕು. ಕೆಲಸ ಮುಗಿದ ಮೇಲೆ ಮೊನೆಯನ್ನು ಒರೆಸಿ ಬರಿದಾಗಿಡದೆ, ಬೆಸುಗೆಯ ದಪ್ಪ ಲೇಪವನ್ನು ಉಳಿಸಿಯೇ ವಿದ್ಯುತ್ತನ್ನು ಆರಿಸಬೇಕು. ಇದು ಕಲಾಯಿಯೇ ಅಲ್ಲದೆ ಮತ್ತೇನು? ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಕಾಯಿಸಬಾರದೆಂದು ತಿಳಿದ ನಮ್ಮ ತಾಯಂದಿರಿಗೆ ಈ ಪಾಠವನ್ನು ಬೇರೆ ಹೇಳಬೇಕಾಗಿಲ್ಲ.

ಮನೆಗೆಲಸಕ್ಕೆ 25 ವ್ಯಾಟಿನ ಕಡ್ಡಿ ಸಾಕು; ಅದರ ಪ್ಲಗ್ಗು ಮೂರು ಕಾಲಿನದಾಗಿರಲಿ, ಕಡ್ಡಿಗೆ ಆಧಾರದ ನಿಲುವೊಂದು ಇರಲಿ. ವಿದ್ಯುತ್ ಸಂಪರ್ಕವಿರುವ ಉಪಕರಣವನ್ನು ಬಿಚ್ಚಕೂಡದು. ಸಂಪರ್ಕ ತೆಗೆದ ಮೇಲೂ ದೊಡ್ಡ ಧಾರಕಗಳಲ್ಲಿ ವಿದ್ಯುತ್ತು ಉಳಿದಿರಬಹುದಾದುದರಿಂದ ಗೋಡೆಯ ವಿದ್ಯುತ್ತಿನಿಂದ ನಡೆಯುವ ಯಂತ್ರಗಳನ್ನು ಕಲಿಯುವವರು ಮುಟ್ಟದಿರುವುದು ಲೇಸು. ಏಳುವ ಹೊಗೆ ಸೀಸದ್ದೆಂದು ಹೆದರುವವರುಂಟು. ಅದು ರಾಳದ ಹೊಗೆ. ಆದರೂ ಉಸಿರಿಗೆ ಒಳ್ಳೆಯದಲ್ಲವಾದ್ದರಿಂದ ಕಿಟಕಿ ತೆರೆದಿರಬೇಕು. ಸೀಸವು ದೇಹವನ್ನು ಸೇರುವುದು ಬೆರಳಿನಿಂದ ಬಾಯಿಗೆ. ಆದುದರಿಂದ ಕೆಲಸದ ಅನಂತರ ಸಾಬೂನಿನಿಂದ ಕೈ ತೊಳೆಯದೆ ಏನನ್ನೂ ತಿನ್ನಬಾರದು. ಸೀಸದ ಈ ವಿಷಗುಣದಿಂದಲೇ ಐರೋಪ್ಯ ಒಕ್ಕೂಟವು 2006ರ ಜುಲೈ 1ರಿಂದ ಬಹುತೇಕ ವಿದ್ಯುನ್ಮಾನ ವಸ್ತುಗಳಲ್ಲಿ ಅದರ ಬಳಕೆಯನ್ನು ನಿರ್ಬಂಧಿಸಿತು. ತವರ, ಬೆಳ್ಳಿ, ತಾಮ್ರಗಳ ಸೀಸರಹಿತ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು. ಶಾಖ ಹೆಚ್ಚಿದಂತೆ ಮೊನೆಯ ಪಾಲನೆಯ ಅಗತ್ಯವೂ ಹೆಚ್ಚಿತು.

‘ಇಂದು ಎಲ್ಲವನ್ನೂ ಯಂತ್ರಗಳೇ ಬೆಸೆಯುತ್ತವೆ, ಕೈಬೆಸುಗೆ ಯಾರಿಗೆ ಬೇಕು?’ ಎಂದು ಕೇಳುವವರಿದ್ದಾರೆ. ಕಾರ್ಖಾನೆಯಲ್ಲಿ ಸಾವಿರಾರು ಹಲಗೆಗಳನ್ನು ಯಂತ್ರಗಳು ಬೆಸೆಯುವುದು ನಿಜ; ಎಳ್ಳಿಗಿಂತ ಕಿರಿದಾದ ಭಾಗಗಳನ್ನು ಸಾಧಾರಣ ಕಡ್ಡಿಯಿಂದ ಮುಟ್ಟುವುದು ಕಷ್ಟವೆಂಬುದೂ ನಿಜ. ಆದರೆ ಕಾರ್ಖಾನೆಯ ಯಂತ್ರವು ನಮ್ಮ ಮನೆಗೆ ಬಂದು ಕಿತ್ತುಹೋದ ತಂತಿಯನ್ನು ಕೂಡಿಸದು. ‘ಹೊಸತು ಅಗ್ಗವಾಗಿ ಸಿಗುವಾಗ ಹಳೆಯದೇಕೆ?’ ಎಂಬುದು ಮತ್ತೊಂದು ಪ್ರಶ್ನೆ. ಅಗ್ಗವೆಂದು ಎಸೆದ ವಸ್ತು ಎಲ್ಲಿಗೂ ಮಾಯವಾಗುವುದಿಲ್ಲ. ಅದರ ಸೀಸವನ್ನು ನೆಲ ಉಣ್ಣಬೇಕು; ಅದರ ತಂತಿಯನ್ನು ಬಯಲಲ್ಲಿ ಸುಟ್ಟು ತಾಮ್ರವನ್ನು ಆಯುವ ಬಡವರ ಶ್ವಾಸಕೋಶವು ಹೊಗೆಯನ್ನು ಕುಡಿಯಬೇಕು. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಉತ್ಪಾದಕರನ್ನು ಹೊಣೆಯಾಗಿಸಿವೆ. ಅದು ಒಳ್ಳೆಯದೇ. ಆದರೆ ಎಸೆಯುವ ಕೈಯನ್ನು ತಡೆಯಬಲ್ಲುದು ದುರಸ್ತಿ ಬಲ್ಲ ಕೈ ಮಾತ್ರ.

1975ರ ಏಪ್ರಿಲ್ 19ರಂದು ಆಕಾಶಕ್ಕೇರಿದ ನಮ್ಮ ಮೊದಲ ಉಪಗ್ರಹ ಆರ್ಯಭಟವು ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದ ಸಾಮಾನ್ಯ ಷೆಡ್ಡುಗಳಲ್ಲಿ. ಮೇಲೇರಿದ ಉಪಗ್ರಹದಲ್ಲಿ ಒಂದು ಬೆಸುಗೆ ಸಡಿಲವಾದರೆ ಹೋಗಿ ಸರಿಪಡಿಸುವವರಿಲ್ಲ. ಅಂಥ ಕೆಲಸದಲ್ಲಿ ಲೆಕ್ಕ ಹಾಕುವ ಬುದ್ಧಿಗೆ ಎಷ್ಟು ಮಾನವುಂಟೋ ಬೆಸೆಯುವ ಕೈಗೂ ಅಷ್ಟೇ ಮಾನ ಸಲ್ಲಬೇಕು. ನಮ್ಮ ಶಾಲೆಗಳಾದರೋ ಬುದ್ಧಿಗೆ ಅಂಕ ಕೊಡುತ್ತವೆ, ಕೈಯನ್ನು ಮರೆಯುತ್ತವೆ. ಓಮನ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸಿ, ಎರಡು ತಂತಿಗಳನ್ನು ಕೂಡಿಸಲಾರದೆ ನಿಂತ ಜಾಣ ಮಕ್ಕಳನ್ನು ನಾನು ತರಗತಿಗಳಲ್ಲಿ ಬಹಳ ಕಂಡಿದ್ದೇನೆ. ಆ ನ್ಯೂನತೆ ಮಕ್ಕಳದಲ್ಲ, ನಮ್ಮ ಶಿಕ್ಷಣದ್ದು.

ಆದುದರಿಂದ ಪ್ರತಿ ಶಾಲೆಯ ವಿಜ್ಞಾನದ ಕೊಠಡಿಯಲ್ಲಿ ಕೆಲವು ಬೆಸುಗೆ ಕಡ್ಡಿಗಳಿರಲಿ; ವಾರಕ್ಕೊಂದು ತಾಸು ಮಕ್ಕಳು ಅಧ್ಯಾಪಕರ ಕಣ್ಣೆದುರಿನಲ್ಲಿ ಹಳೆಯ ಹಲಗೆಗಳ ಮೇಲೆ ಅಭ್ಯಾಸ ಮಾಡಲಿ. ಪರೀಕ್ಷೆಯನ್ನು ಇಡುವುದಾದರೆ ಅವರು ಮಾಡಿದ ಬೆಸುಗೆಯನ್ನಷ್ಟೇ ನೋಡಿದರೆ ಸಾಲದು. ಕೆಲಸ ಮುಗಿಸಿ ಅವರು ಇಟ್ಟುಹೋದ ಕಡ್ಡಿಯ ಮೊನೆಯನ್ನೂ ನೋಡಬೇಕು. ಮುಂದೆ ಬರುವವನಿಗಾಗಿ ಅದು ಬೆಳ್ಳಗೆ ಹೊಳೆಯುತ್ತಿದ್ದರೆ, ಆ ವಿದ್ಯಾರ್ಥಿ ವಿದ್ಯೆಯೊಡನೆ ವಿನಯವನ್ನೂ ಕಲಿತನೆಂದು ತಿಳಿಯಬಹುದು.