ತುಂಬುತ್ತಿರುವ ಹಿನ್ನೀರಿನ ಲೆಕ್ಕ ಯಾರಿಗೆ ಬೇಕು?

ಜಲಾಶಯ ತುಂಬಿದ ದಿನ ನಾಡಿಗೆಲ್ಲ ಸುದ್ದಿಯಾಗುತ್ತದೆ. ಬಾಗಿನ, ಮಂತ್ರಿಮಹೋದಯರು, ಗೇಟು ತೆರೆದಾಗ ಚಿಮ್ಮುವ ನೊರೆನೀರಿನ ಚಿತ್ರ. 2025ರಲ್ಲಿ ಇದೆಲ್ಲ ಬಹಳ ಬೇಗನೆ ಬಂತು. ಮುಂಗಾರು ಮೇ 24ರಂದೇ ಕೇರಳವನ್ನು ಮುಟ್ಟಿತು. ವಾಡಿಕೆಗಿಂತ ಎಂಟು ದಿನ ಮೊದಲು. ಬೇಸಿಗೆಯ ಮಳೆ ಯಾವುದು, ಮಳೆಗಾಲದ ಮಳೆ ಯಾವುದು ಎಂದು ಗೆರೆ ಎಳೆಯಲಾಗದಂತೆ ಎರಡೂ ಒಂದಾಗಿ ಸುರಿದವು. ಜೂನ್ ಮುಗಿಯುವ ಮೊದಲೇ ಕೃಷ್ಣರಾಜಸಾಗರ ತನ್ನ ಪೂರ್ಣಮಟ್ಟವಾದ 124.80 ಅಡಿಯನ್ನು ತಲುಪಿತು. ಜೂನ್ ತಿಂಗಳಲ್ಲಿಯೇ ಅಲ್ಲಿ ಬಾಗಿನ ಅರ್ಪಣೆಯಾದದ್ದು ಆ ಅಣೆಕಟ್ಟಿನ ಇತಿಹಾಸದಲ್ಲಿ ಅದೇ ಮೊದಲು.

ತುಂಬಿದ ದಿನದ ಸುದ್ದಿ ಸರಿ. ಆದರೆ ತುಂಬುತ್ತಿರುವ ದಿನಗಳ ಸುದ್ದಿ ಯಾರಿಗೂ ಬೇಕಿಲ್ಲ. ಹಿನ್ನೀರಿನ ಅಂಚಿನಲ್ಲಿ ಬದುಕುವವರಿಗೆ, ದೋಣಿಯನ್ನೇ ನಂಬಿ ಆಚೆದಡಕ್ಕೆ ಹೋಗುವವರಿಗೆ, ನಿಜವಾದ ಅಪಾಯವಿರುವುದು ಆ ದಿನಗಳಲ್ಲಿ. ಇದನ್ನು ಲಿಂಗನಮಕ್ಕಿಯ ಉದಾಹರಣೆಯಿಂದಲೇ ನೋಡಬಹುದು.

1964ರಲ್ಲಿ ಪೂರ್ಣಗೊಂಡ ಈ ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಸಾಮರ್ಥ್ಯ ಸುಮಾರು 151 ಟಿಎಂಸಿ. ತುಂಬಿದಾಗ ಅದರ ಹರವು 300 ಚದರ ಕಿಲೋಮೀಟರಿನ ಆಸುಪಾಸು. ವಿದ್ಯಾರ್ಥಿಗಳು ಇಲ್ಲಿ ಒಂದು ಲೆಕ್ಕ ಮಾಡಿ ನೋಡಬೇಕು. 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಎಡೆಬಿಡದೆ ಹರಿದು ಬಂದರೆ ಅದು ಒಂದು ಟಿಎಂಸಿ. ಅಣೆಕಟ್ಟು ತುಂಬುವ ಹೊತ್ತಿಗೆ ಈ ಒಂದು ಟಿಎಂಸಿ ನೀರು ಅಷ್ಟು ದೊಡ್ಡ ಹರವಿನಲ್ಲಿ ಹರಡಿ ಮಟ್ಟವನ್ನು ನಾಲ್ಕು ಅಂಗುಲದಷ್ಟೂ ಏರಿಸದು. ಆದರೆ ಬೇಸಿಗೆಯ ಕೊನೆಯಲ್ಲಿ ಹಿನ್ನೀರು ಕುಗ್ಗಿ 100 ಚದರ ಕಿಲೋಮೀಟರಿಗೆ ಇಳಿದಿದೆ ಎಂದಿಟ್ಟುಕೊಳ್ಳಿ. ಅದೇ ನೀರು ಈಗ ಸುಮಾರು 11 ಅಂಗುಲ ಏರಿಸುತ್ತದೆ. ದಿನವಿಡೀ 50,000 ಕ್ಯೂಸೆಕ್ ಒಳಹರಿವಿದ್ದರೆ ನಾಲ್ಕು ಅಡಿ! ನೆಲ ಇಳಿಜಾರಲ್ಲದೆ ಬಯಲಾಗಿರುವ ಕಡೆ ನಾಲ್ಕು ಅಡಿ ಏರಿಕೆಯೆಂದರೆ ದಡವೇ ಒಂದು ರಾತ್ರಿಯಲ್ಲಿ ಎಷ್ಟೋ ದೂರ ಸರಿದುಬಿಡುತ್ತದೆ. ಸಂಜೆ ಕಟ್ಟಿಟ್ಟ ದೋಣಿ ಬೆಳಗ್ಗೆ ನಡುನೀರಿನಲ್ಲಿ ತೇಲುತ್ತಿರುತ್ತದೆ.

ಇದಕ್ಕಿಂತ ಕ್ರೂರವಾದದ್ದು ಕೊರಡುಗಳ ಸಮಸ್ಯೆ. ಶರಾವತಿ ಕಣಿವೆಯ ಕಾಡು ಮುಳುಗಿದಾಗ ಅಸಂಖ್ಯ ಮರಗಳು ನಿಂತಲ್ಲಿಯೇ ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿದಾಗ ಅವು ಕರಿಯ ಬೊಡ್ಡೆಗಳಾಗಿ ಮೇಲೆದ್ದು ನಿಲ್ಲುವುದನ್ನು ಹಿನ್ನೀರಿನವರೆಲ್ಲ ಕಂಡಿದ್ದಾರೆ. ಪೇಟೆಯವರು ಬಂದು ಅವುಗಳ ಫೋಟೋ ತೆಗೆಯುತ್ತಾರೆ. ನೀರು ಪೂರ್ತಿ ಇಳಿದಾಗ ಬೊಡ್ಡೆ ಕಣ್ಣಿಗೆ ಕಾಣುತ್ತದೆ, ತಪ್ಪಿಸಿಕೊಳ್ಳಬಹುದು. ನೀರು ಪೂರ್ತಿ ತುಂಬಿದಾಗ ಅದು ಆಳದಲ್ಲಿರುತ್ತದೆ, ದೋಣಿಯ ತಳಕ್ಕೆ ತಾಗದು. ಈ ಎರಡರ ನಡುವೆ, ಕೆನ್ನೀರಿನ ಅರ್ಧ ಅಡಿ, ಒಂದಡಿ ಕೆಳಗೆ ಅದು ಅಡಗಿ ನಿಂತಿರುವ ವಾರಗಳಿವೆಯಲ್ಲ, ಆಗ ನಲವತ್ತು ವರ್ಷ ಹುಟ್ಟು ಹಾಕಿದ ಅಂಬಿಗನಿಗೂ ನೀರೊಳಗಿನದು ಕಾಣುವುದಿಲ್ಲ. ನಿನ್ನೆ ಸುರಕ್ಷಿತವಾಗಿದ್ದ ದಾರಿ ಇಂದು ಅಲ್ಲ. ಜೊತೆಗೆ ಪಶ್ಚಿಮದ ಗಾಳಿ, ಹಳ್ಳಗಳು ಹೊತ್ತು ತರುವ ದಿಮ್ಮಿಗಳು. ನೀರು ಬರುವುದೂ ಶರಾವತಿಯಿಂದ ಮಾತ್ರವಲ್ಲ. ಚಕ್ರಾ, ಸಾವೆಹಕ್ಕಲು ಜಲಾಶಯಗಳ ನೀರೂ ಕಾಲುವೆಯ ಮೂಲಕ ಇಲ್ಲಿಗೇ ಸೇರುತ್ತದೆ. ತುಮರಿಯಲ್ಲಿ ಹೊಳವಾಗಿದ್ದರೂ ಘಟ್ಟದ ತಲೆಯಲ್ಲಿ ಬಿದ್ದ ಮಳೆ ಮಾರನೆಯ ದಿನ ಮಟ್ಟವನ್ನು ಏರಿಸಬಲ್ಲದು.

ಅಣೆಕಟ್ಟಿನ ಅಧಿಕಾರಿಗಳನ್ನು ಇಲ್ಲಿ ಸುಮ್ಮನೆ ಬಯ್ಯುವುದು ನ್ಯಾಯವಲ್ಲ. ಅವರ ಇಕ್ಕಟ್ಟು ನಿಜವಾದದ್ದು. 2023ರ ಜೂನ್‌ನಲ್ಲಿ ಮಳೆ ತಡವಾಗಿ, ಹೊಳೆಬಾಗಿಲಿನಲ್ಲಿ ನೀರು ಸಾಲದೆ ಲಾಂಚಿನಲ್ಲಿ ವಾಹನ ಸಾಗಿಸುವುದನ್ನೇ ನಿಲ್ಲಿಸಬೇಕಾಯಿತು. ಅಂಥ ವರ್ಷವನ್ನು ಕಂಡವರು ಮೇ ತಿಂಗಳಲ್ಲಿ ಬಂದ ನೀರನ್ನು ಬಿಡಲು ಹಿಂಜರಿಯುವುದು ಸಹಜ. ಗಾಜನೂರಿನ ತುಂಗಾ ಅಣೆಕಟ್ಟೆಯಾದರೋ ಚಿಕ್ಕ ಹೊಟ್ಟೆಯದು. ಮೂರು ಟಿಎಂಸಿ ದಾಟುತ್ತಿದ್ದಂತೆ ಗೇಟು ತೆರೆಯಲೇಬೇಕು, ಆಯ್ಕೆಯೇ ಇಲ್ಲ. ಲಿಂಗನಮಕ್ಕಿಗೆ ಆಯ್ಕೆಯಿದೆ. ಮಳೆ ಬೇಗ ಬಂದ ವರ್ಷಗಳಲ್ಲಿ 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರವನ್ನು ಆರಂಭದಿಂದಲೇ ಹೆಚ್ಚು ನಡೆಸಿ, ಆಗಸ್ಟಿನ ಮಳೆಗೆ ಜಾಗ ಉಳಿಸಿಕೊಳ್ಳಬಹುದು. ಯಂತ್ರದ ಮೂಲಕ ಇಳಿಸಿದ ನೀರು ವ್ಯರ್ಥವಲ್ಲ. ಗೇಟಿನ ಮೇಲೆ ಧುಮುಕಿಸಿದ ನೀರು ಬರಿಯ ನೋಟ.

ಕಾನೂನುಗಳ ಕೊರತೆಯೂ ಇಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ತುರ್ತು ಕ್ರಿಯಾ ಯೋಜನೆ ಇರಬೇಕೆನ್ನುತ್ತದೆ. ಆದರೆ ಇಂಥ ಯೋಜನೆಗಳ ಕಣ್ಣು ಯಾವಾಗಲೂ ಅಣೆಕಟ್ಟಿನ ಕೆಳಗಿನವರ ಮೇಲೆ. ಮೇಲಿನವರು, ಅಂದರೆ ಒಮ್ಮೆ ಮುಳುಗಡೆಯಾಗಿ ದಡಕ್ಕೆ ಸರಿದವರು, ಆ ನಕ್ಷೆಯಲ್ಲಿ ಕಾಣುವುದಿಲ್ಲ. ಅದೇ ವರ್ಷದ ಒಳನಾಡು ನೌಕಾ ಕಾಯ್ದೆ, 2017ರ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ದೋಣಿ ಸುರಕ್ಷತಾ ಮಾರ್ಗಸೂಚಿ ಎರಡೂ ಇವೆ. ಆದರೆ ದುರಂತಗಳ ಪಟ್ಟಿ ನೋಡಿ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಜಲಾಶಯದಲ್ಲಿ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. 2019ರ ಜನವರಿಯಲ್ಲಿ ನಮ್ಮ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ 16 ಜನ. 2024ರ ಜನವರಿಯಲ್ಲಿ ವಡೋದರದ ಹರ್ಣಿ ಕೆರೆಯಲ್ಲಿ 14, ಅವರಲ್ಲಿ 12 ಶಾಲಾಮಕ್ಕಳು. ಗಮನಿಸಿ, ಇವು ಯಾವುವೂ ಪ್ರವಾಹದ ಹೊತ್ತಿನಲ್ಲಿ ನಡೆದ ದುರಂತಗಳಲ್ಲ. ಹೆಚ್ಚು ಜನ, ಕಡಿಮೆ ಜೀವರಕ್ಷಕ ಅಂಗಿ ಎಂಬ ಹಳೆಯ ಕತೆಯೇ ಮತ್ತೆ ಮತ್ತೆ. ಪ್ರವಾಹವಿಲ್ಲದ ದಿನವೇ ಹೀಗಾದರೆ, ಕೆನ್ನೀರು ಏರುತ್ತಿರುವ ಜೂನ್ ತಿಂಗಳ ಸಂಜೆಯಲ್ಲಿ ನಮ್ಮ ದೋಣಿಗಳಿಗೆ ಉಳಿದಿರುವ ಅವಕಾಶವೆಷ್ಟು?

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಇನ್ನು ದೋಣಿಯ ಮಾತೇಕೆ ಎನ್ನುವವರಿದ್ದಾರೆ. ಸೇತುವೆ ಬಂದದ್ದು ಒಂದು ಕಡವಿಗೆ. ಹಿನ್ನೀರಿನ ಕೊಲ್ಲಿಗಳು ನೂರಾರು. ಬಲೆ ಬೀಸುವವರು, ಆಚೆದಡದ ತೋಟಕ್ಕೆ ಹೋಗುವವರು ಹತ್ತು ನಿಮಿಷದ ನೀರನ್ನು ಬಿಟ್ಟು ಹತ್ತಾರು ಮೈಲಿ ಸುತ್ತಲಾರರು. ವಾರಾಂತ್ಯಕ್ಕೆ ಬಂದು ದೋಣಿ ಬಾಡಿಗೆಗೆ ಕೇಳುವವರಿಗೆ ಒಂದೇ ಮಾತು: ಮಳೆ ಹಿಡಿದ ಮೇಲೆ ಬೇಡ.

ಆದರೆ ಊರವರಿಗೆ ಬರಿಯ ನಿಷೇಧ ಪರಿಹಾರವಾಗದು. ಬಸುರಿಯೊಬ್ಬಳನ್ನು ಆಸ್ಪತ್ರೆಗೆ ಸಾಗಿಸಬೇಕಾದಾಗ ಜಿಲ್ಲಾಡಳಿತದ ಆದೇಶಪತ್ರ ದೋಣಿಯಾಗುವುದಿಲ್ಲ. ದೋಣಿ ನಿಲ್ಲಿಸಿ ಎನ್ನುವ ಸರ್ಕಾರ ಆ ದಿನಗಳಿಗೆ ಯಂತ್ರವಿರುವ, ಜೀವರಕ್ಷಕ ಅಂಗಿಗಳಿರುವ ದೋಣಿಯೊಂದನ್ನು ಹೋಬಳಿಗೆ ಒಂದರಂತೆ ಇಡಬೇಕು. ಅದಿಲ್ಲದ ಆದೇಶ ಜನರನ್ನು ಕತ್ತಲಲ್ಲಿ, ಕದ್ದು, ಇನ್ನೂ ಕೆಟ್ಟ ತೆಪ್ಪದಲ್ಲಿ ದಾಟಿಸುತ್ತದೆ.

ಮಟ್ಟ, ಒಳಹರಿವು, ಹೊರಹರಿವಿನ ಅಂಕಿಗಳು ದಿನವೂ ಪತ್ರಿಕೆಯಲ್ಲಿ ಅಚ್ಚಾಗುತ್ತವೆ. ಪತ್ರಿಕೆ ಕಡವಿಗೆ ಬರುವುದಿಲ್ಲ. ಪ್ರತಿ ಕಡವಿನಲ್ಲೂ ಒಂದು ಹಲಗೆ ಇರಲಿ. ಇಂದಿನ ಮಟ್ಟದ ಜೊತೆಗೆ ನಾಳೆಗೆ ಎಷ್ಟು ಏರಬಹುದೆಂಬ ಅಂದಾಜೂ ಬೆಳಗ್ಗೆಯೇ ಬೀಳಲಿ. ದಿನಕ್ಕೆ ಎರಡು ಅಡಿಗಿಂತ ಹೆಚ್ಚು ಏರುವ ಸೂಚನೆಯಿದ್ದರೆ ಸಣ್ಣ ದೋಣಿ ನಿಲ್ಲಬೇಕೆಂಬುದು ನಮ್ಮ ಸಲಹೆ. ಅಂಬಿಗರೇ ಕೂತು ಬೇರೆ ಅಂಕಿ ಹೇಳಿದರೆ ಅದೇ ಸರಿ. ಬೊಡ್ಡೆಗಳನ್ನು ಗುರುತಿಸುವ ಕೆಲಸಕ್ಕಂತೂ ಅನುದಾನವನ್ನು ಕಾಯಬೇಕಿಲ್ಲ. ಏಪ್ರಿಲ್‌ನಲ್ಲಿ ನೀರು ತಳ ಹಿಡಿದಾಗ ದೋಣಿದಾರಿಯ ಎರಡೂ ಬದಿಯ ಬೊಡ್ಡೆಗಳಿಗೆ ಉದ್ದನೆಯ ಬಿದಿರುಗಳ ಗಳ ಕಟ್ಟಿ, ತುದಿಗೆ ಕೆಂಪು ಬಟ್ಟೆ ಸುತ್ತಿದರೆ ಜುಲೈವರೆಗೆ ನಿಲ್ಲುತ್ತದೆ. ಒಂದು ಊರಿನ ಹತ್ತು ಹುಡುಗರಿಗೆ ಎರಡು ದಿನದ ಕೆಲಸ. ಗಳದ ಮೇಲೆ ಅಡಿ ಅಡಿಗೆ ಸುಣ್ಣದ ಗೆರೆ ಎಳೆದು, ಶಾಲೆಯ ಮಕ್ಕಳು ದಿನವೂ ಏರಿಕೆಯನ್ನು ಬರೆದಿಟ್ಟರೆ, ಮುಂದಿನ ಗ್ರಾಮಸಭೆಯಲ್ಲಿ ಆ ಪುಸ್ತಕವನ್ನೇ ಮೇಜಿನ ಮೇಲಿಟ್ಟು ಹಲಗೆಯನ್ನೂ ದೋಣಿಯನ್ನೂ ಕೇಳಬಹುದು.